ಕಿನು ಅಜ್ಜಿಯ ಪಕ್ಕದಲ್ಲಿ

ಬೆಟ್ಟದ ದೇವಾಲಯಕ್ಕೆ ಒಪ್ಪಿಸಬೇಕಾದ ಅಣ್ಣನ ಕಂಠದ ಎಲುಬಿದ್ದ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಾಮಿಯೆ ಬಸ್ಸಿಳಿದಾಗ ಬೆಟ್ಟದ ಮೇಲೆ ಆಗಲೇ ಚಳಿ ಕಚ್ಚುತ್ತಿತ್ತು. ಅಣ್ಣ ತೆತ್ಸುಯಾ ಓಸಾಕಾದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಸತ್ತಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಪದ್ಧತಿಯಂತೆ, ಸುಟ್ಟ ಮೇಲೆ ಮನೆಯವರಿಬ್ಬರು ಎದುರುಬದುರು ನಿಂತು ಕಡ್ಡಿಗಳಿಂದ ಮೂಳೆ ಆಯಬೇಕು. ತಂಗಿಗೆ ಜೊತೆಯಾದವನು ಮಸಣದ ನೌಕರ.

ದೇವಾಲಯದ ಬಾಗಿಲಲ್ಲಿ ಭಿಕ್ಷು ಕೇಳಿದ, "ನಿಮ್ಮ ಕಡೆಯವ್ರು ಇನ್ನೂ ಬರ್ಬೇಕಾಮ್ಮ?"

"ಇಲ್ಲ, ನಾನೊಬ್ಳೇ."

"ಹಾಗಾದ್ರೆ ಇನ್ನೊಂದು ಮನೆಯವ್ರ ಜೊತೇಲೇ ಪ್ರಾರ್ಥನೆ ಮಾಡಿಬಿಡ್ತೀವಿ."

ಮಂದಿರದ ಒಳಗೆ ಕತ್ತಲೆ, ಧೂಪದ ಹೊಗೆ. ಶತಮಾನಗಳ ಹೊಗೆಗೆ ತೊಲೆಗಳು ಕಪ್ಪಾಗಿದ್ದವು. ಆ ಇನ್ನೊಂದು ಮನೆಯವರು ಹತ್ತಾರು ಜನ, ಚಾಪೆಯ ತುಂಬ ಕೂತಿದ್ದರು. ನಾಮಿಯೆ ಹಿಂದೆ ಮೂಲೆ ಹುಡುಕುತ್ತಿದ್ದಾಗ ಮುದುಕಿಯೊಬ್ಬಳು ಅವಳ ತೋಳು ಹಿಡಿದು ಜಗ್ಗಿದಳು.

"ಎಲ್ಲೋಗಿದ್ಯೇ ಮಿಸಾವೊ? ಕೂತ್ಕೊ ಇಲ್ಲಿ. ಕೈ ನೋಡು, ಮಂಜುಗಡ್ಡೆ!"

ನಾನು ಮಿಸಾವೊ ಅಲ್ಲ ಎನ್ನಲು ನಾಮಿಯೆ ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿ ಅವಳ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದ್ದಳು. ನಾಮಿಯೆ ಅವಳ ಪಕ್ಕದಲ್ಲೇ ಕೂತಳು. ಮಂತ್ರಪಠಣ ಮುಗಿಯುವವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.

ಕೊನೆಗೆ ಭಿಕ್ಷು ಸತ್ತವರ ಹೆಸರು ಓದಿದ.

"ತೆತ್ಸುಯಾ ಯಾರೇ?" ಮುದುಕಿ ಪಿಸುಗುಟ್ಟಿದಳು.

"ನಮ್ಮಣ್ಣ."

"ನಿಂಗೆಲ್ಲಿಂದ ಬಂದ ಅಣ್ಣ?"

ಹಿಂದೆ ಕೂತಿದ್ದ ಸೊಸೆ ಗಾಬರಿಯಿಂದ ಮುಂದೆ ಬಾಗಿದಳು. "ಅಯ್ಯೋ ಅತ್ತೆ, ಅವ್ರು ನಿಮ್ಮ ಮೊಮ್ಮಗಳು ಮಿಸಾವೊ ಅಲ್ಲ! ಬೇಜಾರ್ ಮಾಡ್ಕೋಬೇಡಿಮ್ಮ, ಇವ್ರಿಗೆ ಕಣ್ಣು ಮಂಜು."

"ಅಲ್ವಾ? ಮತ್ತೆ ಕರೆದ ಕೂಡ್ಲೇ ಬಂದು ಕೂತ್ಳಲ್ಲ!"

ಎಲ್ಲರೂ ನಕ್ಕರು. ನಾಮಿಯೆಯ ಮುಖ ಕೆಂಪಾಯಿತು. ಕಿನು ಎಂಬ ಆ ಅಜ್ಜಿ ಮಾತ್ರ ಕೈ ಬಿಡದೆ ಕೇಳಿದಳು, "ಹೇಗಿದ್ದ ನಿಮ್ಮಣ್ಣ?"

ಈವರೆಗೆ ಇದನ್ನು ಯಾರೂ ಕೇಳಿರಲಿಲ್ಲ. ಹೇಗೆ ಸತ್ತ, ಎಷ್ಟು ದಿನಕ್ಕೆ ಗೊತ್ತಾಯಿತು ಎಂದಷ್ಟೇ ಕೇಳಿದ್ದರು.

"ಕುಡೀತಿದ್ದ," ಎಂದಳು. ಮತ್ತೆ ಸೇರಿಸಿದಳು, "ಶಿಳ್ಳೆ ಚೆನ್ನಾಗಿ ಹಾಕ್ತಿದ್ದ."

"ನಮ್ ಯಜಮಾನ್ರೂ ಕುಡೀತಿದ್ರು. ಶಿಳ್ಳೆಗಿಳ್ಳೆ ಏನೂ ಬರ್ತಿರ್ಲಿಲ್ಲ," ಎಂದು ಅಜ್ಜಿ ನಿಟ್ಟುಸಿರಿಟ್ಟಳು.

ಪೆಟ್ಟಿಗೆಯನ್ನು ಭಿಕ್ಷು ಒಳಗೆ ಒಯ್ದ. ಹೊರಗೆ ಸೊಸೆ ಬಾಯ್ತುಂಬ ಕರೆದಳು, "ನಮ್ ಜೊತೆ ಊಟಕ್ಕೆ ಬನ್ನಿ. ಒಬ್ರು ಹೆಚ್ಚಾದ್ರೆ ಏನಂತೆ?"

"ಬೇಡಮ್ಮ, ಕೆಳಗೆ ನಮ್ಮನೆಯವ್ರು ಕಾಯ್ತಿದಾರೆ."

ಆ ಸುಳ್ಳು ಬಾಯಿಗೆ ಯಾಕೆ ಬಂತೋ ಅವಳಿಗೇ ತಿಳಿಯಲಿಲ್ಲ. ಬಸ್‌ಸ್ಟಾಪಿಗೆ ನಡೆದು ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಮನೆಯವರ ವ್ಯಾನು ತಿರುವಿನಲ್ಲಿ ಕಾಣಿಸಿತು. ಒಬ್ಬಳೇ ಕೂತಿರುವುದು ಅವರ ಕಣ್ಣಿಗೆ ಬಿದ್ದೀತೆಂದು ನಾಮಿಯೆ ಥಟ್ಟನೆದ್ದು ದೊಡ್ಡ ದೇವದಾರಿನ ಹಿಂದೆ ಸರಿದಳು. ವ್ಯಾನಿನ ಸದ್ದು ಇಳಿಜಾರಿನಲ್ಲಿ ಪೂರ್ತಿ ಅಡಗುವವರೆಗೂ ಅಲ್ಲೇ ನಿಂತಿದ್ದಳು.