ಎಡಗಾಲು ಎಲ್ಲೈತೆ?

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಕಾಲು ಅಲ್ಲಾಡಿಸಿ ಡಾಕ್ಟರ ಕೈಲಿ ಬೈಸಿಕೊಂಡವನು ನಾನು, ಬೆಟ್ಟಸ್ವಾಮಿ. ಇಂಥವನು ನಂಜನಗೂಡಿನಲ್ಲಿ ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ್ದೇನೆ. ತಾಲ್ಲೂಕಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ನನ್ನ ಬೈಗುಳ ತಿಂದವರೇ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಗೇರು ಬದಲಿಸಿದ ಮೇಲೆ ಆ ಕಾಲಿಗೆ ಅಲ್ಲೇನು ಕೆಲಸ? ಕ್ಲಚ್ಚಿನ ಪ್ಲೇಟು ಸವೆಯುತ್ತದೆ, ಅಷ್ಟೇ. “ಎಡಗಾಲು ಎಲ್ಲೈತೆ?” ಎಂದು ನಾನು ಗದರಿದರೆ ತಗಡೂರಿನ ಗಟ್ಟಿ ಆಳುಗಳೂ ಬೆಚ್ಚಿ ಕಾಲು ತೆಗೆಯುತ್ತಿದ್ದರು.

ನನ್ನ ಹಳೆ ಶಿಷ್ಯ ನಂಜುಂಡೇಶನಿಗೆ ಟಿ. ನರಸೀಪುರದಲ್ಲಿ ಅಕ್ಕಿ ಗಿರಣಿ. ಆಸೆಪಟ್ಟು ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದ. ಎರಡೇ ಬಾಗಿಲು, ನೆಲಕ್ಕೂ ಅದಕ್ಕೂ ಒಂದು ಗೇಣು. ಅಷ್ಟರಲ್ಲಿ ಅವನಿಗೆ ಬೆನ್ನಿನ ಆಪರೇಷನ್ ಆಯಿತು. ಮೂರು ತಿಂಗಳು ಅಂಥ ತಗ್ಗಿನ ಸೀಟಿಗೆ ಇಳಿಯಕೂಡದು ಎಂದರಂತೆ. ನನ್ನನ್ನು ಕರೆಸಿ ಕೀ ಕೊಟ್ಟ.

“ನಿಂತಲ್ಲೇ ನಿಂತ್ರೆ ಕೆಟ್ಟೋಯ್ತದೆ ಸಾ. ವಾರಕ್ಕೆರಡು ದಿನ ಓಡ್ಸಿ. ನಿಮ್ಮನ್ನ ಬುಟ್ರೆ ಯಾರ್ ಕೈಗೂ ಕೊಡಕಿಲ್ಲ.”

ಹಸುಗೂಸಿನ ಹಾಗೆ ನೋಡಿಕೊಂಡೆ. ಸ್ಟಾರ್ಟ್ ಮಾಡಿದ ಕೂಡಲೇ ರೊಯ್ಯೆನ್ನಿಸಲಿಲ್ಲ, ಇಂಜಿನ್ ಬೆಚ್ಚಗಾಗುವವರೆಗೂ ಮೆಲ್ಲಗೆ ಹೋದೆ. ತಳ ಉಜ್ಜದಿರಲಿ ಎಂದು ರಸ್ತೆಯ ಹಂಪುಗಳನ್ನು ಓರೆಯಾಗಿ ದಾಟಿಸಿದೆ. ಗೇರಿನ ಮೇಲೆ ಕೈ ಊರಿಕೊಂಡು ಕೂರಲಿಲ್ಲ. ಹೀಗೆಲ್ಲ ಮಾಡಬೇಕು ಎಂದು ಮಗಳು ಶಿವರಂಜನಿಗೆ ಪಾಠವನ್ನೂ ಹೇಳಿದೆ.

ಶಿವರಂಜನಿ ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಇದನ್ನು ಅವಳ ಮುಂದೆ ಯಾವತ್ತೂ ಹೇಳಿಲ್ಲ. ಮುಂದಿನ ತಿಂಗಳಿನಿಂದ ಸ್ಕೂಲು ನಿನ್ನದು ಎಂದು ಮಾತು ಕೊಟ್ಟಿದ್ದೆ. ಹೆಣ್ಣುಮಗಳು ಕಲಿಸುತ್ತಾಳೆಂದು ತಿಳಿದು ತಾಂಡವಪುರದಿಂದ, ಹದಿನಾರು ಎಂಬ ಊರಿನಿಂದ ಹನ್ನೊಂದು ಹೆಂಗಸರು ಬಂದು ಹೆಸರು ಬರೆಸಿದ್ದರು. ಕೆಂಪು ಕಾರನ್ನು ಅವಳು ಓಡಿಸಿದ್ದು ಎರಡೇ ಸಲ. ನಾನು ಪಕ್ಕದಲ್ಲಿ ಕೂತು ಮ್ಯಾಟನ್ನು ತುಳಿಯುತ್ತಿದ್ದೆ. “ಅಪ್ಪ, ಅಲ್ಲಿ ಪೆಡಲ್ ಇಲ್ಲ ಕಣಪ್ಪ,” ಎಂದು ನಕ್ಕಳು. ರೇಗಿತು. ನನ್ನ ಕಾಲು ನನ್ನಿಷ್ಟ ಎಂದೆ.

ಕಾರು ಹಿಂದಿರುಗಿಸುವ ದಿನ ನಾನು ಮುಂದೆ, ನನ್ನನ್ನು ವಾಪಸ್ ಕರೆತರಲು ಅವಳು ಸ್ಕೂಲ್ ಕಾರಿನಲ್ಲಿ ಹಿಂದೆ. ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಹೋಗದು. ಸುಟ್ಟ ವಾಸನೆ ಬೇರೆ. ಹೇಗೋ ಗಿರಣಿ ಮುಟ್ಟಿಸಿದೆ. ನಂಜುಂಡೇಶ ಮೂಗು ಅರಳಿಸಿದ.

“ಕ್ಲಚ್ ಓಗ್ಬುಟ್ಟದಲ್ಲ ಸಾ! ಬ್ಯಾರೆ ಯಾರಾದ್ರೂ ಓಡ್ಸಿದ್ರಾ?”

ಗಿರಣಿಯ ಆಳುಗಳೆಲ್ಲ ನೋಡುತ್ತಿದ್ದರು. ನಾನು ಮಗಳ ಕಡೆ ಕೈ ತೋರಿಸಿದೆ. “ಇವಳು ಓಡ್ಸಿದ್ಲು. ಇನ್ನೂ ಹೊಸಕಾಲು,” ಎಂದೆ. ಎಷ್ಟು ಸಲ ಎಂದು ಹೇಳಲಿಲ್ಲ. ಶಿವರಂಜನಿ ನನ್ನ ಮುಖ ನೋಡಿದಳು.

ಮನೆಗೆ ಬಂದು ಸ್ಕೂಲ್ ಕಾರಿನ ಕೀಯನ್ನು ಮೊಳೆಗೆ ನೇತುಹಾಕಿದಳು. “ನಿನ್ನ ಸ್ಕೂಲು ನೀನೇ ಇಟ್ಕೊ ಅಪ್ಪ. ಕಾರು ಸುಟ್ಟವಳ ಹತ್ರ ಯಾರು ಕಲೀತಾರೆ?”

ಕ್ಲಚ್ ಸುಟ್ಟಿದ್ದು ಅವಳೇ ಎಂದು ನಾನು ನಿಜವಾಗಿಯೂ ನಂಬಿದ್ದೆನೇ? ನಂಬಲು ಒದ್ದಾಡುತ್ತಿದ್ದೆ. ಐದು ದಿನ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಕ್ಲಾಸು ಯಾವಾಗ ಎಂದು ಹೆಂಗಸರ ಫೋನು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ನಾನು ಪಡಸಾಲೆಯಲ್ಲಿ ಶತಪಥ ಹಾಕುವುದನ್ನು ನೋಡಿ ಹೆಂಡತಿ ಚನ್ನಾಜಮ್ಮ, “ಸವೆಸಿ, ಸವೆಸಿ. ಹೆಂಗೂ ನಿಮ್ಮದು ಎಡಗಾಲಿನ ಚಪ್ಪಲಿನೇ ಮೊದ್ಲು ತೂತಾಗೋದು. ಅದೊಂದನ್ನೇ ಮಾರೋ ಅಂಗಡಿ ಎಲ್ಲಾದ್ರೂ ಐತಾ ನೋಡಿ,” ಎಂದಳು.

ಆರನೆಯ ದಿನ ಮೆಕ್ಯಾನಿಕ್ ನಿಂಗರಾಜು ಕರೆದ. ನನ್ನ ಸ್ಕೂಲ್ ಕಾರನ್ನು ಮೊದಲಿನಿಂದಲೂ ನೋಡಿಕೊಳ್ಳುವವನು ಅವನೇ. ನಂಜುಂಡೇಶ ಕೆಂಪು ಕಾರನ್ನೂ ಅವನ ಗ್ಯಾರೇಜಿಗೇ ಕಳಿಸಿದ್ದ. ಬಿಚ್ಚಿದ ಪ್ಲೇಟು ಸೀದ ರೊಟ್ಟಿಯಂತೆ ಕರ್ರಗಿತ್ತು.

“ಇದು ಒಂದೆರಡು ದಿನದ ಕೆಲ್ಸ ಅಲ್ಲ ಸಾ. ಯಾವಾಗ್ಲೂ ಕಾಲು ಇಟ್ಕಂಡೇ ಓಡ್ಸವ್ರೆ.”

“ಮಗಳಿಗೆ ಎಷ್ಟು ಹೇಳಿದ್ರೂ...” ಎಂದು ಶುರು ಮಾಡಿದೆ.

ನಿಂಗರಾಜು ಕೈ ಒರೆಸಿಕೊಂಡ. “ಬೇಜಾರ್ ಮಾಡ್ಕಬೇಡಿ ಸಾ. ನಿಮ್ ಸ್ಕೂಲ್ ಕಾರಿಗೂ ವರ್ಸಕ್ಕೆ ಮೂರು ಪ್ಲೇಟ್ ಆಕ್ತೀನಿ. ಕಲಿಯೋರು ಸವೆಸ್ತಾರೆ ಅಂತ ನೀವಂತೀರ. ಕಲಿಯೋರು ತಿಂಗ್ಳಿಗೊಬ್ರು ಬದ್ಲಾಯ್ತಾರೆ. ಕಲ್ಸೋರು ಒಬ್ರೇ ಅಲ್ವಾ?”

ಸ್ಕೂಲ್ ಕಾರಿನಲ್ಲಿ ಎಡಗಡೆ ಕೂರುವ ಮೇಷ್ಟ್ರಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ಎಲ್ಲಿ ಗುದ್ದಿಬಿಡುತ್ತಾರೋ ಎಂಬ ಭಯಕ್ಕೆ ಇಪ್ಪತ್ತಾರು ವರ್ಷ ನನ್ನ ಕಾಲು ಅಲ್ಲೇ ಇತ್ತು. ಅವರಿಗೆ ತೆಗಿ ಎಂದು ಗದರುವಾಗಲೂ ಅಲ್ಲೇ ಇತ್ತು. ಬಗ್ಗಿ ಚಪ್ಪಲಿ ನೋಡಿಕೊಂಡೆ. ಎಡಗಾಲಿನದು ಬೆರಳಿನ ಬುಡದಲ್ಲಿ ತೂತಾಗಿತ್ತು.

ನಿಂಗರಾಜು ಯಾರ ಹತ್ತಿರವೂ ಬಾಯಿ ಬಿಡುವವನಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೂ ಮನೆಗೆ ಹೋಗಿ, “ನಡಿ, ನರಸೀಪುರಕ್ಕೆ,” ಎಂದೆ. ಶಿವರಂಜನಿ ಯಾಕೆ ಎಂದು ಕೂಡ ಕೇಳದೆ ಸ್ಕೂಲ್ ಕಾರು ಓಡಿಸಿಕೊಂಡು ಬಂದಳು.

ಗಿರಣಿಯಲ್ಲಿ ಅವತ್ತಿನ ಆಳುಗಳೇ ಇದ್ದರು, ಶಿವರಂಜನಿ ಬಾಗಿಲಲ್ಲಿ ನಿಂತಿದ್ದಳು. ಒಳ್ಳೆಯದೇ ಆಯಿತು.

“ನಂಜುಂಡೇಶ, ಕ್ಲಚ್ ಸುಟ್ಟಿದ್ದು ನಾನು ಕಣಪ್ಪ. ನನ್ ಮಗಳ ಮೇಲೆ ಸುಳ್ ಹೇಳ್ದೆ.”

“ಓಗ್ಲಿ ಬುಡಿ ಸಾ, ರಿಪೇರಿ ಆಯ್ತದೆ.”

“ಕಾರು ರಿಪೇರಿ ಆಯ್ತದೆ,” ಎಂದೆ. ಬಾಗಿಲ ಕಡೆ ತಿರುಗಿದರೆ ಮಗಳು ಅಲ್ಲಿರಲಿಲ್ಲ.

ಹೊರಗೆ ಬಂದರೆ ಸ್ಕೂಲ್ ಕಾರಿನ ಎಡಗಡೆಯ ಸೀಟಿನಲ್ಲಿ, ನನ್ನ ಸೀಟಿನಲ್ಲಿ, ಶಿವರಂಜನಿ ಕೂತಿದ್ದಳು. ಕೀಯನ್ನು ನನ್ನ ಕಡೆಗೆ ಚಾಚಿದಳು. ತೆಪ್ಪಗೆ ಬಲಗಡೆ ಹತ್ತಿದೆ.

ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ಹಾರನ್ ಬಡಿಯುವ ಬಸ್ಸು. ಓರೆಗಣ್ಣಿನಿಂದ ನೋಡಿದೆ. ಅವಳ ಎರಡು ಪಾದಗಳೂ ಪೆಡಲಿನಿಂದ ದೂರ, ಸೀಟಿನ ಹತ್ತಿರಕ್ಕೆ ಮಡಿಸಿಕೊಂಡು ಕದಲದೆ ಇದ್ದವು. ನನಗೇ ಜೀವ ತಡೆಯಲಿಲ್ಲ. ನಾನೇನಾದರೂ ತಪ್ಪು ಮಾಡಿದರೆ? ಇವಳಿಗೆ ಭಯವೇ ಇಲ್ಲವಲ್ಲ! ಟ್ರ್ಯಾಕ್ಟರನ್ನು ದಾಟಿ ಮೂರನೆ ಗೇರಿಗೆ ಹಾಕಿದೆ. ಅರ್ಧ ಫರ್ಲಾಂಗು ಹೋಗಿರಬೇಕು.

“ಎಡಗಾಲು ಎಲ್ಲೈತೆ?” ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ಬೆಚ್ಚಿ ಕಾಲು ತೆಗೆದೆ.

ಹದಿನಾರನ್ನು ದಾಟಿದೆವು. ಆಮೇಲೆ ಅವಳೇ, “ನಾಳೆ ಆರೂವರೆಗೆ ಕ್ಲಾಸು,” ಎಂದಳು.

“ನನಗಾ?”

“ಆ ಹೆಂಗಸರಿಗೆ. ನಿನಗೆ ಏಳೂವರೆಗೆ.”