ಹಸಿರು ಸೀರೆಯ ಖೂನ

ಕಾಗವಾಡದ ಜಿನೇಂದ್ರನ ಮೂಗಿನಂಥ ಮೂಗು ಏಳು ತಾಲೂಕು ಹುಡುಕಿದರೂ ಸಿಗದು. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಮಿರಜ ಬಸ್ಸು ಮ್ಹೈಸಾಳ ದಾಟುವ ಮೊದಲೇ, ಒಳಗೆ ಯಾರ ಬುತ್ತಿಯಲ್ಲಿ ಯಾವ ಚಟ್ನಿ ಇದೆಯೆಂದು ಮೈಕಿನಲ್ಲಿ ಸಾರಿಬಿಡುತ್ತಿದ್ದ. ನಿವೃತ್ತನಾದ ಮೇಲೆ ವಾಚನಾಲಯದ ಪತ್ತೇದಾರಿ ಕಾದಂಬರಿಗಳನ್ನು ಓದಿ ಓದಿ ನಾಲ್ಕು ಸಾವಿರ ಕೊಲೆಗಾರರನ್ನು ಹಿಡಿದಿದ್ದಾನೆ, ಅದೂ ಮೂರನೆಯ ಪುಟದಲ್ಲೇ. ಇರುವೆಯನ್ನೂ ತುಳಿಯದ ಜೈನನ ಕೈಗೆ ಸಿಕ್ಕ ಕೊಲೆಗಾರರು ಇಷ್ಟು!

ಆದರೆ ಪುಸ್ತಕದ ಪತ್ತೇದಾರ ತನ್ನ ಕಥೆಯನ್ನು ತಾನೇ ಹೇಳುವುದಿಲ್ಲ. ಪಕ್ಕದಲ್ಲಿ ಒಬ್ಬ ಗೆಳೆಯನಿರುತ್ತಾನೆ: ಬಾಯಿ ತೆರೆದು "ನಿನಗದು ಹ್ಯಾಂಗ ಗೊತ್ತಾತು?" ಎಂದು ಕೇಳುವವ, ಕಡೆಗೆ ಎಲ್ಲವನ್ನೂ ಬರೆದಿಡುವವ. ಕೇಳುವ ಕೆಲಸವನ್ನು ಹೆಂಡತಿ ರಾಜಮತಿ ರೊಟ್ಟಿ ಬಡಿಯುತ್ತ ಮಾಡುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷ. ಈಗ ಕೊಲೆಗಾರನನ್ನು ಹಿಡಿದು ತಲೆ ಎತ್ತಿದರೆ ಎದುರಿಗೆ ಗೋಡೆ. ಕೇಳಲು ಒಬ್ಬರು ಸಿಕ್ಕರೆ ಸಾಕಿತ್ತು ಅವನಿಗೆ.

ಒಂದು ಸೋಮವಾರ ವಾಚನಾಲಯದಿಂದ ತಂದ ಪುಸ್ತಕದೊಳಗಿಂದ ಒಂದು ಚೀಟಿ ಉದುರಿತು. "ಮಂಗಳವಾರ. ಹತ್ತರ ಮಿರಜ ಬಸ್ಸು. ಖೂನ ಹಸಿರು ಸೀರಿ."

ಖೂನ! ಹಸಿರು ಸೀರೆಯವಳ ಕೊಲೆ! ಜಿನೇಂದ್ರನ ಎದೆ ಬಡಿದ ಸದ್ದನ್ನು ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿತೆಂದುಕೊಂಡು ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಹೊರಟುಬಿಟ್ಟವಂತೆ.

ಮರುದಿನ ಒಂಬತ್ತಕ್ಕೇ ಸ್ಟ್ಯಾಂಡಿಗೆ ಹೋದ. ಬೆಂಚಿನ ಮೇಲೆ ಅರವತ್ತರ ಆಸುಪಾಸಿನ ಹಸಿರು ಸೀರೆಯ ಹೆಂಗಸು ಕೂತಿದ್ದಳು. ಪಕ್ಕದಲ್ಲೇ ಕಾವಲು ಕೂತ. ಹತ್ತರ ಬಸ್ಸು ಬಂತು, ಹನ್ನೊಂದರದೂ ಬಂತು. ಇಳಿದವರಲ್ಲಿ ದ್ರಾಕ್ಷಿ ಡಬ್ಬಿ ಹೊತ್ತವನ ಕಣ್ಣಲ್ಲಿ ಅವನಿಗೆ ಚೂರಿ ಕಂಡಿತು. ಚಕ್ಕುಲಿ ಮಾರುವವಳ ಬುಟ್ಟಿಯಲ್ಲಿ ವಿಷ.

ಕೊನೆಗೆ ಆ ಹೆಂಗಸೇ ಸಿಡಿದಳು. "ಏನ್ರಿ ಅಣ್ಣಾರ, ಮುಂಜಾನಿಂದ ಬಗಲಾಗ ಕುಂತೀರಿ. ಮನ್ಯಾಗ ಉದ್ಯೋಗ ಇಲ್ಲೇನ್ರಿ?"

"ಗಾಬರಿ ಆಗಬ್ಯಾಡ್ರಿ ಅಕ್ಕಾರ," ಎಂದು ಪಿಸುಗುಟ್ಟಿದ. "ಇವತ್ತ ನಿಮ್ಮ ಖೂನ ಐತ್ರಿ." ಚೀಟಿ ತೋರಿಸಿದ.

ಅವಳು ನಕ್ಕ ನಗೆಗೆ ಸ್ಟ್ಯಾಂಡಿನ ಪಾರಿವಾಳಗಳು ಅಥಣಿಗೆ ಹಾರಿಹೋದವು. "ಅಯ್ಯ ಶಿವನ! ಇದು ಮರೀಬಾರ್ದಂತ ನಾ ಬರದ ಚೀಟಿರಿ, ಪುಸ್ತಕದಾಗ ಉಳದೈತಿ. ತೆಲಸಂಗದ ಗೆಳತಿ ಹೊಳೆವ್ವ ಈಗ ಮಿರಜದಾಗ ಇರ್ತಾಳ. ನಲವತ್ತ ವರ್ಷ ಆತು ಮಾರಿ ನೋಡಿ. ಖೂನ ಹಿಡ್ಯಾಕ ಹಸಿರು ಸೀರಿ ಉಟಗೊಂಡಿರ್ತೀನಿ ಅಂತ ಫೋನಿನ್ಯಾಗ ಹೇಳಿದ್ನಿ. ಗುರ್ತಿಗಿ ಖೂನ ಅನ್ನೂದು ಮರತೀರೇನ್ರಿ?"

ಜಿನೇಂದ್ರನ ಮುಖ ಬಾಡಿತು. ಮರುಕ್ಷಣವೇ ಹೊಳೆಯಿತು: ಇವಳೂ ಆ ಪುಸ್ತಕ ಓದಿದವಳು! ಕೇಳಿಯೇಬಿಟ್ಟ.

"ಅರ್ಧಾ ಓದಿ ವಾಪಸ್ ಕೊಟ್ನಿರಿ," ಎಂದಳು. "ಖೂನಿ ಯಾರ್ರಿ ಕಡೀಕ?"

"ಡಾಕ್ಟರ್ರಿ."

"ಹೌದಾ! ನಿಮಗದು ಹ್ಯಾಂಗ ಗೊತ್ತಾತ್ರಿ?"

ಮೂರು ವರ್ಷ ಕಾದ ಪ್ರಶ್ನೆ. ಜಿನೇಂದ್ರ ಗಂಟಲು ಸರಿಮಾಡಿಕೊಂಡ. "ಮೊದಲನೇ ಸುಳಿವು ಏನಪಾ ಅಂದ್ರ..."

ಅಷ್ಟರಲ್ಲಿ ಹನ್ನೆರಡರ ಬಸ್ಸು ಬಂತು. ಹತ್ತರದು ತಪ್ಪಿಸಿಕೊಂಡ ಹೊಳೆವ್ವನ ಕೂಗು ಬಾಗಿಲಿಂದಲೇ: "ಲೇ ಅಕ್ಕುತಾಯಿ, ಮುದುಕಿ ಆಗೀಯಲ್ಲಬೇ!" ಹಸಿರು ಸೀರೆ ಎದ್ದು ಓಡಿತು. ಇಬ್ಬರೂ ತಬ್ಬಿಕೊಂಡರು, ಅತ್ತರು, ಒಬ್ಬರನ್ನೊಬ್ಬರು ಬೈದರು. ಚೀಲ ಎತ್ತಿಕೊಂಡ ಮೇಲೆ ಅಕ್ಕುತಾಯಿ ತಿರುಗಿದಳು.

"ಬರ್ತೀವ್ರಿ ಅಣ್ಣಾರ. ನಾ ಹುಟ್ಟಿದಾಗಿಂದ ಈ ಊರಾಗ ಅದೀನಿ, ನಿಮ್ಮ ಖೂನ ಹತ್ತವಲ್ದು. ಯಾವೂರಾವ್ರು?"

ಮೂವತ್ತು ವರ್ಷ ಅವನ ದನಿ ಮೊಳಗಿದ್ದು ಇದೇ ಸೂರಿನಡಿ. "ಇಲ್ಲೇರಿ," ಎಂದ. ಅವರಾಗಲೇ ಮಾತಾಡುತ್ತ ದೂರ ಹೋಗಿದ್ದರು.

ಸಂಜೆ, ಹೊತ್ತು ಮುಳುಗುವ ಮೊದಲೇ ಒಬ್ಬನೇ ಉಂಡು, ಹೊಸ ವಹಿ ತೆರೆದ. "ನನ್ನ ಮಿತ್ರ ಜಿನೇಂದ್ರನು ಬಸ್‌ಸ್ಟ್ಯಾಂಡಿನಲ್ಲಿ ಆ ದಿನ ತೋರಿದ ಚಾಣಾಕ್ಷತನವನ್ನು ನಾನೊಬ್ಬನೇ ಬಲ್ಲೆ," ಎಂದು ಬರೆದ. ಆ ‘ನಾನು’ ಯಾರೆಂದು ಮುಂದಿನ ಸಾಲಿನಲ್ಲಿ ಹೇಳಬೇಕಿತ್ತು. ಪೆನ್ನು ಹಿಡಿದುಕೊಂಡು ಊರಿನ ಒಂದೊಂದೇ ಮನೆಯನ್ನು ಮನಸ್ಸಿನಲ್ಲಿ ತಟ್ಟುತ್ತ ಹೋದ. ಗೆಳೆಯನ ಜಾಗಕ್ಕೆ ಬರೆಯಬಹುದಾದ ಹೆಸರು ಒಂದೂ ಸಿಗಲಿಲ್ಲ.