ಮೂರು ಗೀಟಿನ ಕಲ್ಲು

ನನ್ನ ನಾಲಿಗಿ ಎರಡು ಕೆಲಸಕ್ಕ ಊರಾಗ ಹೆಸರಾಗೇತಿ. ಒಂದು ಬೈಯೂದಕ್ಕ, ಇನ್ನೊಂದು ಮಣ್ಣಿನ ರುಚಿ ನೋಡೂದಕ್ಕ. ಬೈಯೂದು ನನ್ನ ತವರುಮನಿ ಹೂಲಿಯಿಂದ ತಂದದ್ದು. ಮಣ್ಣಿನ ರುಚಿ ಕಲಿಸಿದಾಂವ ನಮ್ಮ ಮಾವ. ಬಿತ್ತೂಕಿಂತ ಮೊದಲ ಒಂದು ಚಿಟಿಗಿ ಎರಿಮಣ್ಣು ನಾಲಿಗಿ ಮ್ಯಾಲ ಇಟಗೊಂಡು, ಕಣ್ಣ ಮುಚ್ಚಿ, "ಸಪ್ಪಗ ಐತಿ, ಬಿತ್ರಿ" ಅಂತಿದ್ದ. ಉಪ್ಪು ಹತ್ತಿದ್ರ ಥೂ ಅಂತ ಉಗುಳಿ, ಅಷ್ಟು ಜಾಗಾ ಬಿಡಸತಿದ್ದ. ಅಂವ ಹೋದ ಮ್ಯಾಲ ಆ ಕೆಲಸ ನನಗ ಬಂತು. ಯಾರ ಹೊಲದಾಗ ಏನ ಅನುಮಾನ ಬಂದ್ರೂ "ಸೋಮವ್ವನ್ನ ಕರೀರಿ" ಅಂತಾರ.

ಹಂಗ ಒಂದಿನ ಲಗಮಣ್ಣ ಕರದ. ಅಂವನ ಹೆಣ್ತಿ ರಾಯವ್ವ. ನಾಕ ಎಕರೆ ಅವರದು, ನಮ್ಮ ಹೊಲಕ್ಕ ಅಂಟಿ ಮ್ಯಾಲಿನ ಮಗ್ಗಲ. ಅದರ ಮ್ಯಾಲ ಮಲಪ್ರಭಾ ಕೆನಾಲ, ತೆಳಗ ನಮ್ಮ ಹೊಲ, ನಮ್ಮ ಹೊಲದ ತೆಳಗ ಹಳ್ಳ. ಲಗಮಣ್ಣನ ಅಪ್ಪ ನಮ್ಮ ಮನ್ಯಾಗ ಮೂವತ್ತ ವರ್ಷ ದುಡದಾಂವ. ಆ ದುಡಿತಕ್ಕಂತನ ಮಾವ ಆ ನಾಕ ಎಕರೆ ಅಂವನ ಹೆಸರಿಗೆ ಬರಕೊಟ್ಟಿದ್ದ.

ಹೋಗಿ ನೋಡ್ತೇನಿ, ಹೊಲದ ನಡುವ ಹಿಟ್ಟು ಚೆಲ್ಲಿದಂಗ ಬೆಳ್ಳಗ. ಕಾಲಿಟ್ರ ಮ್ಯಾಲ ಬುರಬುರು, ತೆಳಗ ಪಚಪಚ. ಕಡ್ಲಿ ಸಸಿ ನೀರಾಗ ನಿಂತ ಬಾಯಾರಿ ಸತ್ತಿದ್ವು. ಒಂದು ಚಿಟಿಗಿ ಬಾಯಾಗ ಹಾಕೊಂಡೆ. ಯವ್ವಾ, ಉಪ್ಪಿನ ಹರಳು!

"ಸವಳು ಹತ್ತೇತಿ" ಅಂದೆ. "ಕೆನಾಲ ನೀರು ಪುಕ್ಕಟ ಸಿಕ್ತಂತ ಹೊತ್ತಿಲ್ಲ ಗೊತ್ತಿಲ್ಲ ಬಿಟಗೋತ ಕುಂತ್ರ ಇನ್ನೇನಾಗತೈತಿ? ನೀರಾವರಿ ಮಾಡಾಕೂ ಬುದ್ಧಿ ಬೇಕ."

ಲಗಮಣ್ಣ ತಲಿ ತೆಳಗ ಹಾಕಿದ. ರಾಯವ್ವ ನನ್ನ ಮಾರಿ ನೋಡಿದಳು.

ಖರೇ ಹೇಳತೇನಿ ಕೇಳ್ರಿ. ಅವರನ್ನ ಬೈಯೂ ಹೊತ್ತಿನ್ಯಾಗನ ನನಗ ಗೊತ್ತಿತ್ತು, ತಪ್ಪು ಯಾರದಂತ.

ಅದರ ಹಿಂದಿನ ವರ್ಷ ನನ್ನ ಮಗ ಬಸವಲಿಂಗ ಜೆಸಿಬಿ ತಂದು ನಮ್ಮ ಹೊಲ ಮಟ್ಟ ಮಾಡಸತಿದ್ದ. ನಡುವ ಒಂದ ಸಾಲು ಹಾಸಗಲ್ಲು ಬಂದ್ವು, ಅದರ ತೆಳಗ ಬೋಲ್ಡರ್ ತುಂಬಿದ ತಗ್ಗು. ಎಷ್ಟ ಚಂದನ ಕಲ್ಲು ಅಂತೀರಿ! ಒಂದೊಂದರ ಮ್ಯಾಲೂ ಉಳಿಲೇ ಹೊಡದ ಮೂರು ಗೀಟು. ನನಗ ದನದ ಕೊಟಗಿ ಕಟ್ಟಸೂದಿತ್ತು. "ಕಿತ್ತ ಹಾಕೋ, ಎಲ್ಲಾ ಮನಿಗೆ ಹೇರು" ಅಂದೆ. ತಗ್ಗು ಮಣ್ಣಿಲೇ ಮುಚ್ಚಿದ್ರು. ಗೌಂಡಿ ಬಾಳು ಅನ್ನಾಂವ, ಚಂದ ಕಾಣತಾವಂತ ಗೀಟಿನ ಮಾರಿ ಹೊರಗ ಮಾಡಿ ಗ್ವಾಡಿ ಎಬ್ಬಿಸಿದ. ಬಂದವರೆಲ್ಲಾ ಹೊಗಳಿದ್ರು, ನಾ ಉಬ್ಬಿದೆ.

ಆ ಕಲ್ಲು ಏನಂತ ಮಾವ ಹೇಳಿದ್ದ. ಕೆನಾಲ ಬಂದ ಹೊಸತರಾಗ ಮ್ಯಾಲಿನ ಹೊಲ ನೀರು ನಿಂತು ಜವಳು ಹಿಡದಿತ್ತಂತ. ಆವಾಗ ನೀರು ಬಸದ ಹೋಗಾಕ ಹಳ್ಳದ ಮಟಾ ನೆಲದ ಒಳಗ ಬಸಿಗಾಲುವಿ ತೋಡಿ, ಕಲ್ಲು ತುಂಬಿ, ಹಾಸಗಲ್ಲು ಮುಚ್ಚಿ, ಮ್ಯಾಲ ಮಣ್ಣು ಎಳದಿದ್ರು. "ಅದನ್ನ ಎಂದೂ ಮುಟ್ಟಬ್ಯಾಡ್ರಿ" ಅಂದಿದ್ದ. ಕೊಟಗಿ ಆಸೆದಾಗ ಅದು ನೆನಪಿಗೆ ಬರಲಿಲ್ಲ. ನೆನಪಾದದ್ದು ರಾಯವ್ವನ ಹೊಲದ ಉಪ್ಪು ಬಾಯಾಗ ಕರಗೂ ಮುಂದ. ಆಗರೆ ಹೇಳಬೇಕಿತ್ತು. ಹೇಳಲಿಲ್ಲ. ಊರ ಮಂದಿಗೆ ಬುದ್ಧಿ ಹೇಳೂ ಸೋಮವ್ವ, ಕೊಟಗಿ ಸಲವಾಗಿ ಬ್ಯಾರೆಯವರ ಹೊಲ ಕೆಡಿಸಿದಳಂದ್ರ ಮಾರಿ ಎಲ್ಲಿ ಇಟಗೊಳ್ಳೂದು?

ಮೂರು ವರ್ಷ ಹಂಗ ನುಂಗಿದೆ. ರಾಯವ್ವ ದಿನಾ ಮುಂಜಾನೆ ಮಜ್ಜಿಗಿಗೆ ಬರತಿದ್ದಳು. ಕೊಟಗಿ ಗ್ವಾಡಿ ಮಗ್ಗಲ ನಿಂತು ತಂಬಗಿ ತುಂಬಿಸಿಕೊಂಡು ಹೋಗತಿದ್ದಳು. ಒಳಗ ಬಾ ಅಂತ ನಮ್ಮ ಮನ್ಯಾಗ ಅವರಿಗೆ ಯಾರೂ ಅಂದಿರಲಿಲ್ಲ, ನಾನೂ ಅನಲಿಲ್ಲ. ತಂಬಗಿಗೆ ಒಂದು ಸೌಟು ಹೆಚ್ಚಿಗಿ ಹಾಕಿ, ಮನಸು ಹಗರ ಮಾಡಕೊಳ್ಳತಿದ್ದೆ.

ಈ ವರ್ಷ ಅವರ ಮಗಳು ಭಾಗ್ಯಾ ಬಂದಳು. ಧಾರವಾಡದಾಗ ಮಣ್ಣಿನ ವಿದ್ಯೆನ ಕಲತಾಕಿ. ಉದ್ದನ ಕೊರಕಿನ ಕೋಲು ತಿರುವಿ ತಿರುವಿ ಎರಡೂವರೆ ಫೂಟು ಇಳಿಸಿದಳು. ತೆಳಗಿನ ಮಣ್ಣು ಕರ್ರಗ ಇರಲಿಲ್ಲ, ಬೂದಿ ಬಣ್ಣ, ನಡುನಡುವ ತುಕ್ಕಿನ ಕಲಿ, ಕೊಳತ ತತ್ತಿ ವಾಸನಿ. ನೋಡನೋಡತಿದ್ದಂಗ ತೂತಿನ್ಯಾಗ ನೀರು ಮ್ಯಾಲ ಬಂತು.

"ಅಜ್ಜಿ, ಇಂಥಾ ಮಣ್ಣು ನಾ ಕುಮಟಾ ಕಡೆ ಸಮುದ್ರದ ದಂಡಿಗೆ ನೋಡೇನಿ" ಅಂದಳು. "ಗಜನಿ ಗದ್ದಿ ಅಂತಾರ. ಅಲ್ಲಿ ದಿನಾ ಉಪ್ಪನೀರು ಏರತೈತಿ. ಆದರೂ ಕಗ್ಗ ಅನ್ನೂ ಭತ್ತ ಬೆಳೀತಾರ. ಯಾಕ ಗೊತ್ತೇನ್ರಿ? ಏರಿದ ನೀರು ಇಳದೂ ಹೋಗತೈತಿ, ಮಳಿ ಬಂದ್ರ ಉಪ್ಪು ತೊಳಕೊಂಡು ಹೋಗತೈತಿ. ಇಲ್ಲಿ ನೀರಿಗೆ ಹೋಗಾಕ ದಾರಿನ ಇಲ್ಲ. ಬಿಸಿಲಿಗೆ ನೀರಷ್ಟ ಆರತೈತಿ, ಉಪ್ಪು ಉಳೀತೈತಿ. ನೆಲ ಹಸಿ ಇದ್ರೂ ಆ ಉಪ್ಪು ಬೇರಿಗೆ ನೀರು ಕುಡಿಯಾಕ ಬಿಡೂದಿಲ್ಲ."

ಆಮ್ಯಾಲ ನನ್ನ ಕಡೆ ತಿರಗಿದಳು. "ಮೊದಲ ಚೊಲೋ ಇದ್ದ ಹೊಲ ಒಮ್ಮಿಗೆಲೇ ಕೆಟ್ಟೇತಿ. ಇಲ್ಲೆಲ್ಲರೆ ಹಳೇ ಬಸಿಗಾಲುವಿ ಇತ್ತೇನ್ರಿ?"

ರಾಯವ್ವ ಮಗಳ ಹಿಂದ ನಿಂತಿದ್ದಳು. ಸೆರಗಿನ ತುದಿ ಬಟ್ಟಿಗೆ ಸುತ್ತಗೋತ ನೆಲಾ ನೋಡತಿದ್ದಳು.

"ಇಲ್ಲ ತಂಗಿ, ನನಗೇನ ಗೊತ್ತಿಲ್ಲ" ಅಂದೆ ನಾ. ನೋಡ್ರಿ, ನನ್ನ ಹಣೆಬಾರ!

ಮರುದಿನ ಲಗಮಣ್ಣನ ಬಂದು ಹೇಳಿದ, ದೀಪಾವಳಿ ಆದ ಮ್ಯಾಲ ಹೊಲ ಗೋಡೌನ್ ಕಟ್ಟಾವರಿಗೆ ಕೊಡತೇವಿ, ದೊಡವಾಡದಾಗ ತಮ್ಮ ಪರಶು ಅದಾನ, ಅಲ್ಲೇ ಏನರೆ ಮಾಡಕೊಂಡ ಇರತೇವಂತ. ಅಂವನ ಅಪ್ಪ ಮೂವತ್ತ ವರ್ಷ ಮೈ ಮುರದು ಪಡದ ಮಣ್ಣು, ಅದರ ಮ್ಯಾಲ ಸಿಮೆಂಟು. 

ಸೀಗಿ ಹುಣ್ಣಿವಿ ಬಂತು. ಹೊಲಕ್ಕ ಚರಗ ಚೆಲ್ಲೂ ಹಬ್ಬ. ನಮ್ಮ ಹತ್ತಿ ಎದಿಮಟ ನಿಂತಿತ್ತು, ಗಿಡದ ತುಂಬ ಕಾಯಿ. ಬಸವಲಿಂಗ ಕಡಬು, ಸಜ್ಜಿರೊಟ್ಟಿ, ಪಲ್ಯ ಕಲಸಿದ್ದು ಬೊಗಸಿಲೇ ಹಾರಿಸಿ "ಹುಲ್ಲುಲ್ಲಿಗ್ಯೋ" ಅಂತ ಚರಗದ ಕೂಗು ಹಾಕಿದ, ನಾ ಹಿಂದಿಂದ ನೀರ ಚಿಮಕಿಸಿ "ಸಲಾಂಬ್ರಿಗ್ಯೋ" ಅಂದೆ. ಮ್ಯಾಲಿನ ಹೊಲದಾಗೂ ಅದ ದನಿ ಕೇಳಿಸ್ತು. ತಿರಗಿ ನೋಡಿದ್ರ ರಾಯವ್ವ. ಒಂದು ಹುಲ್ಲಕಡ್ಡಿ ಇಲ್ಲದ ಬೆಳ್ಳನ ನೆಲಕ್ಕ ಚರಗ ಚೆಲ್ಲಾಕತ್ತಿದ್ದಳು. ಚರಗ ಬೆಳಿಗೆ ಚೆಲ್ಲೂದ್ರಿ, ಬಸುರಿಗೆ ಬಯಕಿ ಊಟ ಇದ್ದಂಗ. ಅಕಿ ಸತ್ತ ನೆಲಕ್ಕ ಉಣಸತಿದ್ದಳು. ಮೂಲಿ ಮೂಲಿಗೂ ಹೋದಳು, ಒಂದು ಮೂಲಿ ಬಿಡಲಿಲ್ಲ.

ತಂಬಗಿ ಅಲ್ಲೇ ಇಟ್ಟೆ. ಬದುವು ಹತ್ತಿ ಹೋಗಿ ಅಕಿ ಮುಂದ ನಿಂತೆ.

"ರಾಯವ್ವಾ, ಬಸಿಗಾಲುವಿ ಇತ್ತಬೇ" ಅಂದೆ. "ನಮ್ಮ ಹೊಲದಾಗ ಹಾದಿತ್ತು. ಕಿತ್ತಾಕಿ ನಾನ. ಗೊತ್ತಿದ್ದೂ ಸುಮ್ಮನಿದ್ದಾಕಿನೂ ನಾನ."

ಹೇಳಿ, ಅಕಿ ಏನಂತಾಳಂತ ನಿಂದರಲಿಲ್ಲ, ಧೈರ್ಯ ಇರಲಿಲ್ಲ. ತೆಳಗಿಳದು, ಕಾಲುವಿ ಹಾದ ಸಾಲು ನೆನಸಿಕೊಂಡು, ಕಾಯಿ ತುಂಬಿದ ಹತ್ತಿಗಿಡ ಒಂದೊಂದಾಗಿ ಕೀಳಾಕ ಹತ್ತಿದೆ.

"ಯವ್ವಾ, ಹಬ್ಬದ ದಿನ ಹುಚ್ಚ ಹಿಡೀತೇನು?" ಅಂತ ಬಸವಲಿಂಗ ಓಡಿ ಬಂದ.

"ಹಿಡದಿತ್ತು, ಈಗ ಬಿಟ್ಟೇತಿ. ಜೆಸಿಬಿ ಅವಗ ಫೋನ್ ಹಚ್ಚು" ಅಂದೆ.

ಎರಡು ದಿನಕ್ಕ ತಗ್ಗು ಹಳ್ಳದ ಮಟಾ ಮುಟ್ಟಿತು. ಎಷ್ಟ ಇಳಜಾರು ಇರಬೇಕಂತ ಭಾಗ್ಯಾ ಹಗ್ಗ ಹಿಡದು ತೋರಿಸಿದಳು. ಒಂದು ಮಳಿಗೆ ಉಪ್ಪು ಹೋಗೂದಿಲ್ಲ, ಎರಡು ಮೂರು ಮಳಿಗಾಲ ಬೇಕ ಅಂದಳು. ಲಗಮಣ್ಣ ಗೋಡೌನದವರಿಗೆ ಫೋನ್ ಮಾಡಿ ಒಲ್ಲೆ ಅಂದ. ಉಳದದ್ದು ತಗ್ಗಿಗೆ ತುಂಬೂ ಕಲ್ಲು. ನಾನ ಕಬ್ಬಿಣದ ಹಾರಿ ತಗೊಂಡು ಕೊಟಗಿ ಗ್ವಾಡಿ ಕೀಳಾಕ ಹತ್ತಿದೆ.

ರಾಯವ್ವ ಅವತ್ತೂ ತಂಬಗಿ ಹಿಡಕೊಂಡು ಬಂದಿದ್ದಳು, ಅದ ಜಾಗಾದಾಗ ನಿಂತಿದ್ದಳು. ಮೊದಲನೇ ಕಲ್ಲು ಕಳಚಿದಾಗ ಮುಂದ ಬಂದು, ಅದರ ಮೂರು ಗೀಟಿನ ಮ್ಯಾಲ ಕೈ ಆಡಿಸಿದಳು.

"ನಿಮ್ಮ ಮನ್ಯಾಗ ದುಡಿಯೂ ಮುಂದ ನಮ್ಮ ಮಾವ ಹೊಡದ ಗುರತರಿ ಇವು. ಈ ಮಾರಿ ಮ್ಯಾಲ ಬರಬೇಕು, ಅದಕ್ಕ ಗೀಟು."

ನನ್ನ ಕೈಯಾಗಿನ ಹಾರಿ ಹಂಗ ನಿಂತಿತು. "ಅಂದ್ರ ನಿನಗ ಗೊತ್ತಿತ್ತಾ?"

"ದಿನಾ ಈ ಗ್ವಾಡಿ ಮಗ್ಗಲನ ನಿಂದರತಿದ್ನಲ್ರಿ ಅವ್ವಾ."

"ಮತ್ತ ಯಾಕ ಅನಲಿಲ್ಲಬೇ? ಮಗಳ ಮುಂದರೆ ಹೇಳಬಾರದಿತ್ತೇನ?"

"ನಾ ಅಂದಿದ್ರ ನೀವು ಇಲ್ಲಂತಿದ್ರಿ" ಅಂದಳು ರಾಯವ್ವ. "ಊರು ನಿಮ್ಮ ಮಾತ ಕೇಳತಿತ್ತು. ಆಮ್ಯಾಲ ಮಜ್ಜಿಗಿಗೆ ನಾ ಎಲ್ಲಿ ಹೋಗಲಿ?"

ನಾ ಹಾರಿ ಗ್ವಾಡಿಗೆ ಆನಿಸಿದೆ. ಅತ್ತಬಿಟ್ಟೆ. ಅಕಿ ತಂಬಗಿ ತೆಳಗಿಟ್ಟು, ಕಲ್ಲಿನ ಒಂದು ಬದಿ ಹಿಡದಳು. "ಎತ್ತರಿ" ಅಂದಳು. ಇನ್ನೊಂದು ಬದಿ ನಾ ಹಿಡದೆ.